ಖಾಲಿ ದೋಣಿಗೆ ಒಪ್ಪಿದ ಫ್ಯಾನು

ನಮ್ಮ ದೋಣಿ ವಾಪಸ್ ಬರುವುದು ನನಗೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತು. ಬೇರೆಯವರ ಎಂಜಿನ್ ಗುಂಯ್ ಎಂದು ಬಂದರೆ ನಮ್ಮದು ಮುಕ್ಕಿರಿದುಕೊಂಡು ಬರುತ್ತಿತ್ತು. ನಮಗಿಂತ ತಡವಾಗಿ ಹೊರಟವರು ಮೀನು ಹರಾಜು ಮುಗಿಸಿ, ಚಹಾ ಕುಡಿದು, ಮರಳಲ್ಲಿ ಕೂತು ಬಲೆ ಬಿಡಿಸುವಾಗ ನಮ್ಮವರು ಇನ್ನೂ ನೀರಿನಲ್ಲೇ. "ಎಂಜಿನ್‌ಗೆ ವಯಸ್ಸಾಯ್ತು ಮಾರಾಯ್ತಿ" ಎಂದು ಇವರದು ದಿನಾ ಒಂದೇ ರಾಗ. ಮೂರು ವರ್ಷದ ಎಂಜಿನ್‌ಗೆ ಎಂತ ವಯಸ್ಸು?

ಇವರು ಅಂದರೆ ನನ್ನ ಗಂಡ ರಘುರಾಮ. ಗಂಗೊಳ್ಳಿಯ ಮೀನುಗಾರರ ಮನೆಯವರು. ಮದ್ರಾಸಿಗೆ ಬಂದು ಹನ್ನೆರಡು ವರ್ಷ ಅಡ್ಯಾರಿನ ಹೋಟೆಲಿನಲ್ಲಿ ದೋಸೆ ಹುಯ್ದರು. ಆಮೇಲೆ "ಸಮುದ್ರ ಇಷ್ಟು ಹತ್ತಿರ ಇಟ್ಟುಕೊಂಡು ಸಾಂಬಾರಿನ ಹೊಗೆ ಎಷ್ಟು ದಿನ ಕುಡಿಯೋದು" ಎಂದು ಫೈಬರ್ ದೋಣಿ ಮಾಡಿದರು. ಜೊತೆಗೆ ಹೋಗುವುದು ನನ್ನ ತಮ್ಮ ಪ್ರಮೋದ್, ಮತ್ತೆ ನಮ್ಮ ಕುಪ್ಪದ, ಅಂದರೆ ಮೀನುಗಾರರ ಕೇರಿಯ, ಇನ್ನಿಬ್ಬರು. ಪ್ರಮೋದ್ ಇಲ್ಲೇ ಓದಿದವನು. ನಾನು ಕನ್ನಡದಲ್ಲಿ ಕೇಳಿದರೆ ಅರ್ಧ ತಮಿಳಿನಲ್ಲಿ ಉತ್ತರ ಕೊಡುತ್ತಾನೆ. ಅಮ್ಮ ಹೋದಾಗ ಅವನಿಗೆ ಆರು ವರ್ಷ. ಅಂದಿನಿಂದ ಅವನಿಗೆ ಅನ್ನ ಕಲಸಿ ಕೊಟ್ಟವಳು ನಾನು.

ನಾನು ವಿಮಲಾ. ನಮ್ಮ ಮಹಿಳಾ ಸಂಘದವರು "ನಿಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳಿ" ಎಂದಿದ್ದಾರೆ. ಹೇಳುತ್ತೇನೆ. ನನ್ನ ಗಂಡನ ಮರ್ಯಾದೆ ಸ್ವಲ್ಪ ಹೋದೀತು, ಹೋಗಲಿ.

ನಮ್ಮ ಕಡೆ ಜೆಟ್ಟಿ ಇಲ್ಲ. ದೋಣಿ ಮರಳಿನಿಂದಲೇ ಇಳಿಯಬೇಕು, ಮರಳಿಗೇ ಹತ್ತಬೇಕು. ನಡುವೆ ಅಲೆ ಒಡೆಯುವ ಜಾಗ ಉಂಟಲ್ಲ, ಅಲ್ಲಿ ಎಂಜಿನ್ ಕೈಕೊಟ್ಟರೆ ಈಜು ಬಂದರೂ ಪ್ರಯೋಜನ ಇಲ್ಲ.

ಆ ದಿನ ಬೆಳಿಗ್ಗೆ ಹತ್ತು ಗಂಟೆ ಇರಬೇಕು. ದೀಪಾವಳಿ ಕಳೆದು ಗಾಳಿ ತಿರುಗಿದ ಸಮಯ. ದೋಣಿ ತುಂಬ ಬಂಗುಡೆ. ದಡದಲ್ಲಿ ನಾನು ಬುಟ್ಟಿ ಹಿಡಿದು ಖುಷಿಯಲ್ಲಿ ನಿಂತಿದ್ದೆ. ಒಂದು ಅಲೆಯ ಬೆನ್ನು ಹಿಡಿದು ಒಳಗೆ ಬರಲು ಇವರು ಎಂಜಿನಿನ ಹಿಡಿ ಪೂರ್ತಿ ತಿರುಗಿಸಿದರು. ಎಂಜಿನ್ ಊಂ ಎಂದಿತು ಅಷ್ಟೇ, ದೋಣಿ ಏಳಲಿಲ್ಲ. ಹಿಂದಿನ ಅಲೆ ಬಂದು ದೋಣಿಯನ್ನು ಅಡ್ಡ ತಿರುಗಿಸಿಬಿಟ್ಟಿತು. ಪ್ರಮೋದ್ ನೀರಿಗೆ ಬಿದ್ದ. ದೋಣಿಯ ಅಂಚು ಅವನ ಭುಜಕ್ಕೆ ಹೊಡೆಯಿತು. ಎರಡು ಅಲೆ ದಾಟುವ ತನಕ ಅವನ ತಲೆ ಕಾಣಲಿಲ್ಲ. ಅಯ್ಯೋ ದೇವರೇ, ಆ ಎರಡು ಅಲೆ! ಬುಟ್ಟಿ ಎಲ್ಲಿ ಎಸೆದೆನೋ ಇವತ್ತಿಗೂ ಗೊತ್ತಿಲ್ಲ.

ನಾಲ್ಕು ಜನ ಸೇರಿ ಎಳೆದು ತಂದರು. ಭುಜದ ಎಲುಬು ಬಿರುಕು ಬಿಟ್ಟಿತ್ತು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದವನು "ಪರವಾಯಿಲ್ಲೆ ಅಕ್ಕಾ" ಎಂದು ನಕ್ಕ. ನನಗೆ ಅವನ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಿತು, ತಬ್ಬಿಕೊಂಡು ಅಳಬೇಕು ಅಂತಲೂ ಅನ್ನಿಸಿತು.

"ಇನ್ನು ಇವನು ದೋಣಿ ಹತ್ತುವುದಿಲ್ಲ. ಆ ಎಂಜಿನ್‌ಗೆ ಏನಾಗಿದೆ ಅಂತ ತಿಳಿಯುವ ತನಕ ನೀವೂ ಹತ್ತುವುದಿಲ್ಲ" ಎಂದು ಇವರಿಗೆ ಹೇಳಿಬಿಟ್ಟೆ.

"ನನಗೆ ಗೊತ್ತುಂಟಲ್ಲ. ದೊಡ್ಡ ಎಂಜಿನ್ ಬೇಕು" ಎಂದರು ಇವರು.

ಮಾರನೆಯ ದಿನ ನಾನೇ ಹೋಗಿ ಶ್ರೀಪ್ರಿಯಾಳನ್ನು ಕರೆದುಕೊಂಡು ಬಂದೆ. ನಮ್ಮ ಕುಂದಾಪುರದ ಕಡೆಯ ಕಾಂತಪ್ಪನವರ ಮಗಳು. ಇಲ್ಲೇ ಅಪ್ಪನ ವರ್ಕ್‌ಶಾಪಿನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುತ್ತಾಳೆ. ಡಿಪ್ಲೊಮಾ ಓದಿದ್ದಾಳೆ, ಕೈ ತುಂಬ ಗ್ರೀಸು, ಬಾಯಿ ತುಂಬ ಮಾತು.

"ಶ್ರೀಪ್ರಿಯಾ, ಹದಿನೈದು ಕುದುರೆ ಶಕ್ತಿಯ ಎಂಜಿನ್ ಎಲ್ಲಿ ಒಳ್ಳೆಯದು ಸಿಗ್ತದೆ ಹೇಳು ಸಾಕು" ಎಂದರು ಇವರು.

"ಕುದುರೆ ಬದಲಾಯಿಸುವ ಮೊದಲು ಲಾಳ ನೋಡುವ, ರಘುರಾಮಣ್ಣ."

ಅವಳು ಮೊದಲು ಎಂಜಿನ್ ಆರಿದೆಯೇ ನೋಡಿ, ಸ್ಪಾರ್ಕ್ ಪ್ಲಗ್ಗಿನ ವಯರ್ ಕಿತ್ತಳು. "ಫ್ಯಾನಿಗೆ ಕೈ ಹಾಕುವ ಮೊದಲು ಇದೊಂದು ಮಾಡಿ. ಬೆರಳು ಮತ್ತೆ ಚಿಗುರುವುದಿಲ್ಲ" ಎಂದಳು. ಆಮೇಲೆ ಹಿಂದೆ ಹೋಗಿ ಪ್ರೊಪೆಲ್ಲರ್ ಹತ್ತಿರ ಕೂತಳು. ನಾವೆಲ್ಲ ಅದಕ್ಕೆ ಫ್ಯಾನು ಎನ್ನುತ್ತೇವೆ. ಮೂರು ರೆಕ್ಕೆಯ ಅಂಚನ್ನೂ ಬೆರಳಿನಿಂದ ಸವರಿದಳು. ಪಕ್ಕಾ ನೆಟ್ಟಗಿತ್ತು. ಫ್ಯಾನು ಬಿಚ್ಚಿ ಹಿಂದೆ ನೂಲು ಸುತ್ತಿದೆಯಾ ನೋಡಿದಳು. ಇರಲಿಲ್ಲ. ಗೇರ್ ಬಾಕ್ಸಿನ ಎಣ್ಣೆ ಹಾಲಿನ ಹಾಗೆ ಬೆಳ್ಳಗೆ ಆಗಿದ್ದರೆ ನೀರು ಹೊಕ್ಕಿದೆ ಎಂದು ಅರ್ಥವಂತೆ. ಅದೂ ಚೆನ್ನಾಗಿತ್ತು.

ಕೊನೆಗೆ ಫ್ಯಾನಿನ ನಡುವಿನ ಉಬ್ಬಿದ ಭಾಗದ ಮೇಲೆ ಒತ್ತಿದ್ದ ಅಂಕಿಯನ್ನು ಬಟ್ಟೆಯಲ್ಲಿ ಉಜ್ಜಿ ಓದಿದಳು. "ಒಂಬತ್ತೂಕಾಲು, ಹನ್ನೆರಡು. ರಘುರಾಮಣ್ಣ, ಈ ಫ್ಯಾನು ಎಂಜಿನ್ ಜೊತೆಗೆ ಬಂದದ್ದಾ?"

ಇವರ ಎದೆ ಉಬ್ಬಿತು. "ಅಲ್ಲ ಮಾರಾಯ್ತಿ. ಇದು ಕೈಗುಣ ಇರುವ ಫ್ಯಾನು. ಪಕ್ಕದ ಕುಪ್ಪದ ಒಂದು ದೋಣಿ ಹೋದ ವರ್ಷ ಸೀಸನ್ ಪೂರ್ತಿ ಅಂಜಲ್ ಮೀನು ಹಿಡಿದದ್ದು ಇದೇ ಫ್ಯಾನಿನಲ್ಲಿ. ಅವರು ದೋಣಿ ಮಾರುವಾಗ ನಮ್ಮ ಹಳೆಯ ಫ್ಯಾನು ಕೊಟ್ಟು, ಕಾಡಿ ಬೇಡಿ ತಂದೆ."

"ಆ ದೋಣಿಯಲ್ಲಿ ಎಷ್ಟು ಜನ ಹೋಗ್ತಿದ್ರು?"

"ಇಬ್ಬರು. ಅವರದ್ದು ಗಾಳದ ದೋಣಿ."

"ಬಲೆ ಇಲ್ಲ?"

"ಗಾಳದವರಿಗೆ ಬಲೆ ಯಾಕೆ?"

ಶ್ರೀಪ್ರಿಯಾ ನನ್ನ ಮುಖ ನೋಡಿದಳು. ನನಗೆ ಇನ್ನೂ ತಲೆಗೆ ಹೋಗಿರಲಿಲ್ಲ.

"ನೀನು ಸುಮ್ಮನೆ ಫ್ಯಾನಿನ ಮೇಲೆ ಹೇಳಬೇಡ. ಪರೀಕ್ಷೆ ಮಾಡಿಯೇ ಹಾಕಿದ್ದು. ಆಯುಧಪೂಜೆ ದಿನ ಬಾಣದ ಹಾಗೆ ಹೋಯಿತು. ಇಡೀ ಕುಪ್ಪ ನೋಡಿದೆ" ಎಂದು ಇವರು ದನಿ ಎತ್ತಿದರು.

"ಆ ದಿನ ದೋಣಿಯಲ್ಲಿ ಎಂತೆಲ್ಲ ಇತ್ತು?"

"ಎಂತ ಇರ್ತದೆ? ನಾನು, ಪ್ರಮೋದ್, ಒಂದು ದೀಪ, ಹಾಲು, ತೆಂಗಿನಕಾಯಿ."

ನಮ್ಮ ಮನೆಯ ಪದ್ಧತಿ ಅದು. ದೋಣಿಗೆ ಹೊಸ ಸಾಮಾನು ಹಾಕಿದರೆ ಮೊದಲ ಸಲ ಬಲೆ ಏರಿಸುವುದಿಲ್ಲ. ಮೊದಲ ದಿನ ಸಮುದ್ರದ ಹತ್ತಿರ ಅಪ್ಪಣೆ ಕೇಳಲು ಹೋಗುವುದು, ತರಲು ಅಲ್ಲ ಎಂದು ಅತ್ತೆ ಹೇಳುತ್ತಿದ್ದರು. ಖಾಲಿ ದೋಣಿಯಲ್ಲಿ ಒಂದು ಸುತ್ತು ಹೋಗಿ, ಕಾಯಿ ಒಡೆದು ಬರುವುದು. ಪದ್ಧತಿಯಲ್ಲಿ ತಪ್ಪಿಲ್ಲ. ಆದರೆ ಆ ಒಂದು ಸುತ್ತನ್ನೇ ಇವರು ಪರೀಕ್ಷೆ ಅಂದುಕೊಂಡುಬಿಟ್ಟಿದ್ದರು.

ಶ್ರೀಪ್ರಿಯಾ ಮರಳಿನ ಮೇಲೆ ಕೂತು ಬಿಡಿಸಿ ಹೇಳಿದಳು. "ನೋಡಿ ಅಣ್ಣ. ಮೊದಲ ಅಂಕಿ ಫ್ಯಾನಿನ ಅಗಲ. ಎರಡನೆಯದು ಪಿಚ್. ಅಂದರೆ ಫ್ಯಾನು ಒಂದು ಸುತ್ತು ತಿರುಗಿದರೆ ದೋಣಿಯನ್ನು ಎಷ್ಟು ಇಂಚು ಮುಂದೆ ತಳ್ಳಲು ನೋಡ್ತದೆ ಅಂತ. ಪಿಚ್ ಜಾಸ್ತಿ ಇದ್ದರೆ ಹಗುರ ದೋಣಿ ಓಡ್ತದೆ. ಭಾರದ ದೋಣಿಗೆ ಪಿಚ್ ಕಡಿಮೆ ಬೇಕು. ನೀವು ಬೈಕಿನಲ್ಲಿ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಫ್ಲೈಓವರ್ ಹತ್ತುವಾಗ ಟಾಪ್ ಗೇರ್ ಹಾಕ್ತೀರಾ?"

"ಹಾಕಿದರೆ ಗಾಡಿ ನಿಂತೇ ಹೋಗ್ತದೆ."

"ನೀವು ದಿನಾ ಹಾಕ್ತಾ ಇದ್ದೀರಿ."

ಪಟ್ಟಿ ಕಟ್ಟಿಕೊಂಡು ಕೂತಿದ್ದ ಪ್ರಮೋದ್ ಪಕ್ಕನೆ ನಕ್ಕ. ಇವರು ಅವನನ್ನು ದುರುಗುಟ್ಟಿ ನೋಡಿದರು. "ಎಲ್ಲ ಬಾಯಿಮಾತು" ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮನೆಯವರು ಎಂಜಿನ್ ಡೊಂಕು ಎನ್ನುವುದನ್ನು ಬಿಡಲೊಲ್ಲರು.

"ಬಾಯಿಮಾತು ಬೇಡ, ಮೀಟರ್ ಹೇಳಲಿ" ಎಂದು ಶ್ರೀಪ್ರಿಯಾ ಎದ್ದಳು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ತೋರಿಸುವ ಚಿಕ್ಕ ಮೀಟರ್ ಅವಳ ಹತ್ತಿರ ಇತ್ತು. ಸಮುದ್ರ ಶಾಂತವಾಗುವ ತನಕ ಎರಡು ದಿನ ಕಾದೆವು. ಮೂರನೆಯ ದಿನ ನಾಲ್ಕು ಜನ, ಪೂರ್ತಿ ಬಲೆ, ಐಸ್ ಪೆಟ್ಟಿಗೆ, ತುಂಬಿದ ಟ್ಯಾಂಕು, ಮೀನಿನ ಭಾರಕ್ಕೆ ಮರಳಿನ ಚೀಲ. ಎಲ್ಲರಿಗೂ ಲೈಫ್ ಜಾಕೆಟ್. ಪ್ರಮೋದನ ಜಾಗದಲ್ಲಿ ಶ್ರೀಪ್ರಿಯಾ. ಅಲೆ ದಾಟಿದ ಮೇಲೆ ಎಂಜಿನ್ ಪೂರ್ತಿ ತಿರುಗಿಸಿದರು.

ಎಂಜಿನ್ ಕಂಪೆನಿ ಕೊಟ್ಟ ಪುಸ್ತಕದಲ್ಲಿ ನಾಲ್ಕೂವರೆ ಸಾವಿರದಿಂದ ಐದೂವರೆ ಸಾವಿರ ಸುತ್ತು ಇರಬೇಕು ಎಂದಿತ್ತು. ಕೈಗುಣದ ಫ್ಯಾನಿನಲ್ಲಿ ಬಂದದ್ದು ನಾಲ್ಕು ಸಾವಿರದ ನೂರು. ಪುಸ್ತಕ ಮೂರು ವರ್ಷದಿಂದ ನಮ್ಮ ದೇವರ ಕೋಣೆಯಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ, ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಓದಿದವರು ಯಾರೂ ಇಲ್ಲ.

ದಡಕ್ಕೆ ಬಂದು ವರ್ಕ್‌ಶಾಪಿನ ಹತ್ತು ಪಿಚ್ಚಿನ ಫ್ಯಾನು ಹಾಕಿದರು. ನಾಲ್ಕು ಸಾವಿರದ ಆರುನೂರು ಬಂತು. "ಮಿತಿಯ ಒಳಗೆ ಬಂತಲ್ಲ, ಸಾಕು" ಎಂದರು ಇವರು. "ಅಂಚಿನಲ್ಲಿ ಉಂಟು. ಮಳೆ ಬಂದು ಬಲೆ ನೆನೆದರೆ ಸಾಲದು" ಎಂದು ಅವಳು ಒಂಬತ್ತರದ್ದು ಹಾಕಿಸಿದಳು. ಐದು ಸಾವಿರ! ದೋಣಿ ಮೂತಿ ಎತ್ತಿಕೊಂಡು ಹೊರಟಿತು. ಖಾಲಿ ಮಾಡಿಯೂ ಒಮ್ಮೆ ಓಡಿಸಿ, ಸುತ್ತು ಮಿತಿ ಮೀರುವುದಿಲ್ಲ ಎಂದು ನೋಡಿಕೊಂಡಳು. "ಪಿಚ್ ತೀರಾ ಕಡಿಮೆಯಾದರೂ ಎಂಜಿನ್ ಅತಿಯಾಗಿ ತಿರುಗಿ ಹಾಳಾಗ್ತದೆ. ತೀರಾ ಜಾಸ್ತಿಯಾದರೆ ಒದ್ದಾಡಿ, ಬಿಸಿಯಾಗಿ, ಎಣ್ಣೆ ಕುಡಿದು ಹಾಳಾಗ್ತದೆ" ಎಂದಳು.

ಇವರು ದೋಣಿಯಿಂದ ಇಳಿದರು. ನೇರ ಪ್ರಮೋದನ ಹತ್ತಿರ ಬಂದು ಅವನ ಪಟ್ಟಿ ಮುಟ್ಟಿ, "ತಪ್ಪು ನನ್ನದು ಮಾರಾಯ, ಎಂಜಿನಿನದ್ದಲ್ಲ" ಎಂದರು. ಹದಿನೆಂಟು ವರ್ಷದ ಸಂಸಾರದಲ್ಲಿ ಇವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಮರುದಿನವೇ ಮದ್ರಾಸಿನ ಪ್ಯಾರೀಸ್ ಕಾರ್ನರಿನ ಪೇಟೆಗೆ ಹೋಗಿ ಅಳತೆ ಹೇಳಿ ಒಂಬತ್ತು ಪಿಚ್ಚಿನ ಹೊಸ ಫ್ಯಾನು ತಂದರು. ಅಂಗಡಿಯವನು ಹೊಳೆಯುವ ಬೇರೆ ಒಂದನ್ನು ತೋರಿಸಿ ಆಸೆ ಹುಟ್ಟಿಸಿದನಂತೆ, ಇವರು ಬಗ್ಗಲಿಲ್ಲ. ಅದಕ್ಕೂ ಪೂಜೆ ಆಯಿತು. ಖಾಲಿ ದೋಣಿಯಲ್ಲಿ ಒಂದು ಸುತ್ತು, ಹಾಲು, ಕಾಯಿ, ಎಲ್ಲ ಅತ್ತೆ ಹೇಳಿದ ಹಾಗೆಯೇ. ಆದರೆ ಕಾಯಿ ಒಡೆದು ಬಂದ ಮೇಲೆ ಇವರೇ ಕೂಗಿದರು, "ಈಗ ಬಲೆ ಏರಿಸಿ, ಮೀಟರ್ ತನ್ನಿ!"

ಪ್ರಮೋದ್ ಮತ್ತೆ ದೋಣಿ ಹತ್ತಿದ್ದು ಪೊಂಗಲ್ ಕಳೆದ ಮೇಲೆ, ಡಾಕ್ಟರು ಹೂಂ ಎಂದ ಮೇಲೆ. ಆ ದಿನ ನಾನು ದಡದಲ್ಲಿ ಬುಟ್ಟಿ ಹಿಡಿದಿರಲಿಲ್ಲ, ಎರಡೂ ಕೈ ಮುಗಿದುಕೊಂಡಿದ್ದೆ. ದೋಣಿ ತುಂಬಿ ಬಂದಿತ್ತು. ಅಲೆಯೂ ದೊಡ್ಡದಿತ್ತು. ಇವರು ಎಂಜಿನ್ ತಿರುಗಿಸಿದರು. ಗುಂಯ್ ಎಂದು ಸದ್ದು ಏರಿತು, ದೋಣಿ ಎದ್ದು ಹಿಂದಿನ ಅಲೆ ಮುಟ್ಟುವ ಮೊದಲೇ ಮರಳಿಗೆ ಬಂದು ಕೂತಿತು. ಪ್ರಮೋದ್ ಜಿಗಿದು ಇಳಿದು, "ಅಕ್ಕಾ, ಪಸಿಕ್ಕುದು, ಅನ್ನ ಹಾಕು" ಎಂದ.

ಅಣ್ಣಂದಿರೇ, ಅಕ್ಕತಂಗಿಯರೇ, ನಾಳೆ ದೋಣಿ ದಡದಲ್ಲಿ ಇರುವಾಗ ಎಂಜಿನ್ ಆರಿಸಿ, ಪ್ಲಗ್ಗಿನ ವಯರ್ ಕಿತ್ತು, ಫ್ಯಾನಿನ ಮೇಲಿನ ಆ ಎರಡು ಅಂಕಿ ಓದಿ. ನಿಮ್ಮ ಎಂಜಿನಿನ ಪುಸ್ತಕದಲ್ಲಿ ಎಷ್ಟು ಸುತ್ತು ಎಂದಿದೆ ನೋಡಿ. ಎಂಜಿನಿಗೆ ಎಂಜಿನ್, ದೋಣಿಗೆ ದೋಣಿ ಬೇರೆ; ನಮ್ಮ ಒಂಬತ್ತು ನಿಮಗೆ ಆಗಬೇಕೆಂದಿಲ್ಲ. ನೀವು ದಿನಾ ಹೊರುವ ಭಾರವನ್ನೇ ಹೊತ್ತು, ತಿಳಿದವರನ್ನು ಜೊತೆಗೆ ಕರೆದುಕೊಂಡು, ಮೀಟರ್ ಇಟ್ಟು ಓಡಿಸಿ. ಪಕ್ಕದವನ ಅದೃಷ್ಟ ನಿಮ್ಮ ದೋಣಿಯ ಭಾರ ಎಳೆಯುವುದಿಲ್ಲ. ಮನೆಯಲ್ಲಿರುವ ಹೆಂಗಸರೇ, "ನನಗೆ ಎಂಜಿನ್ ತಿಳಿಯುವುದಿಲ್ಲ" ಎಂದು ಸುಮ್ಮನಿರಬೇಡಿ. ಬಲೆ ಏರಿಸಿ ಪರೀಕ್ಷೆ ಮಾಡಿದ್ರಾ ಎಂದು ಒಂದೇ ಒಂದು ಮಾತು ಕೇಳಿ. ನಾನು ಆಯುಧಪೂಜೆ ದಿನ ದಡದಲ್ಲಿ ನಿಂತು ಚಪ್ಪಾಳೆ ಹೊಡೆದೆ, ಆ ಮಾತು ಕೇಳಲಿಲ್ಲ. ನನ್ನ ತಮ್ಮನ ಭುಜ ಇವತ್ತಿಗೂ ಮಳೆ ಬಂದರೆ ನೋಯುತ್ತದೆ.