ಕೊಟ್ಟಿಗೆಯ ಅಗುಳಿ

ಬಿಳಿಕೆರೆಯ ಪುಟ್ಟಮಲ್ಲಪ್ಪನ ಮನೆಯಲ್ಲಿ ಕೋಳಿ ಕೂಗುವ ಮೊದಲೇ ಏಳುವವಳು ನೀಲಾಂಬಿಕೆ. ಎಮ್ಮೆ ಕರೆದು, ಬಾದಾಮಿ ಅರೆದು, ಗರಡಿಯಿಂದ ಬರುವ ತಮ್ಮ ನಂಜಣ್ಣನಿಗೆ ಚೊಂಬಿನ ತುಂಬ ಹಾಲು ಇಡುತ್ತಿದ್ದಳು. ತಾಯಿಯಿಲ್ಲದ ಹುಡುಗನನ್ನು ಪೈಲ್ವಾನನನ್ನಾಗಿ ಬೆಳೆಸಿದ ಕೈ ಅದು. ಆದರೆ ಅವನು ಕುಸ್ತಿಗೆ ಹೊರಡುವ ದಿನ ಅವಳ ಜಾಗ ಕೊಟ್ಟಿಗೆ. ಗಂಡ ಸತ್ತವಳ ಮುಖ ಕಂಡರೆ ಪೈಲ್ವಾನನ ಬೆನ್ನಿಗೆ ಮಣ್ಣು ಹತ್ತುತ್ತದಂತೆ! ದೊಡ್ಡಪ್ಪ ಪುಟ್ಟಮಲ್ಲಪ್ಪನೇ ಹೊರಗಿನಿಂದ ಮರದ ಅಗುಳಿ ಹಾಕುತ್ತಿದ್ದ. ಅವಳು ಕೊಟ್ಟ ಹಾಲು ಆಗುತ್ತದೆ, ಅವಳ ಮುಖ ಆಗುವುದಿಲ್ಲ. ಇಂಥ ನ್ಯಾಯಕ್ಕೆ ನಮ್ಮ ಊರುಗಳಲ್ಲಿ ಬರವಿಲ್ಲ.

ಹೋದ ವರ್ಷ ನಂಜಣ್ಣ ಲಂಗೋಟಿ ಮರೆತು ಹೊರಟಿದ್ದ. ಅಗುಳಿ ಬೀಳುವ ಮೊದಲೇ ನೀಲಾಂಬಿಕೆ ಅದನ್ನು ಹಿಡಿದು ಗಾಡಿಯ ಹಿಂದೆ ಓಡಿದ್ದಳು. ಅಂದು ಹುಣಸೂರಿನಲ್ಲಿ ಪಿರಿಯಾಪಟ್ಟಣದ ನಿಂಗರಾಜು ಅವನನ್ನು ಚಿತ್ ಮಾಡಿದ. ಅಂದಿನಿಂದ ಅವಳಿಗೆ ತಂಗಳು ಮುದ್ದೆ, ಅದರ ಜೊತೆಗೆ ಬೈಗುಳ. ನಂಜಣ್ಣನೂ ಬಾಯಿ ಬಿಡಲಿಲ್ಲ. ಸೋತವನಿಗೆ ಹೊರೆ ಇಳಿಸಲು ಒಂದು ತಲೆ ಸಿಕ್ಕಿತ್ತು.

ಈ ವರ್ಷ ಮತ್ತೆ ಅದೇ ಜೋಡಿಗೆ ಕುಸ್ತಿ ಗೊತ್ತಾಯಿತು.

"ಈ ಸಲಾನೂ ಸೋತ್ರೆ ಅವಳ್ನ ಸರಗೂರಿಗೆ, ಗಂಡನ ಮನೆಗೆ ಅಟ್ಟಿಬುಡ್ತೀನಿ" ಎಂದ ದೊಡ್ಡಪ್ಪ.

ಆ ಮನೆಯಲ್ಲಿ ಮೈದುನನ ಏಟು ತಾಳಲಾರದೆ ಓಡಿಬಂದವಳು ಅವಳು. ನಂಜಣ್ಣ ಗರಡಿಯಲ್ಲಿ ಉಸ್ತಾದ್ ಅಣ್ಣಯ್ಯನ ಮುಂದೆ ಇದನ್ನು ಹೇಳಿಕೊಂಡ. ಮುದುಕನಿಗೆ ಕೋಪ ನೆತ್ತಿಗೇರಿತು.

"ಓದ್ ವರ್ಸ ನಿನ್ನ ಎಡಗಾಲು ಎಳ್ದೋನು ನಿಂಗರಾಜ ಕಣ್ಲಾ, ನಿಮ್ಮಕ್ಕ ಅಲ್ಲ! ಎಡಗಾಲು ಭದ್ರ ಮಾಡ್ಕೊ ಅಂತ ಬಡ್ಕೊಂಡೆ. ಅದ ಬುಟ್ಟು ಎಂಗಸ್ನ ಹಿಂದೆ ಅವಿತ್ಕೊಂಡ್ಯಲ್ಲ, ನೀನೆಂಥ ಪೈಲ್ವಾನ್ಲಾ?"

ನಂಜಣ್ಣ ತಲೆ ತಗ್ಗಿಸಿದ. ನಿಂಗರಾಜು ಕೆಡವಿದಾಗಲೂ ಅವನಿಗೆ ಅಷ್ಟು ನಾಚಿಕೆಯಾಗಿರಲಿಲ್ಲ.

ಕುಸ್ತಿಯ ದಿನ ಗಾಡಿ ಕಟ್ಟಿದ್ದಾಗ ಅವನು ನೇರ ಕೊಟ್ಟಿಗೆಗೆ ಹೋಗಿ ಅಗುಳಿ ತೆಗೆದ.

"ಅಕ್ಕಾ, ನನ್ನ ಅಣೆಗೆ ಈಬತ್ತಿ ನೀನೇ ಅಚ್ಚು."

"ಬ್ಯಾಡ ಕಣಪ್ಪಾ. ನೀ ಸೋತ್ರೆ ನನ್ನ ಆ ಮನೆಗೆ ಅಟ್ತಾರೆ."

"ಯಾರು ಅಟ್ತಾರೋ ನೋಡ್ತೀನಿ."

ದೊಡ್ಡಪ್ಪ ಅಂಗಳದಿಂದ ಕೂಗಿದ: "ಲೇ, ಅಪಶಕುನ ಕಣ್ಲಾ! ಇರೀಕರು ಮಾಡಿದ್ದ ಮುರೀತೀಯಾ?"

"ದೊಡ್ಡಪ್ಪಾ, ನಿಮ್ಮ ಕೊರಳಲ್ಲಿ ಇರೋ ಲಿಂಗವೇ ಅಕ್ಕನ ಕೊರಳಲ್ಲೂ ಅದೆ. ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಅಂದ್ರೆ ಮಠದಲ್ಲಿ ತಲೆ ಆಡಿಸ್ತೀರಿ. ಮನೆಗೆ ಬತ್ತಿದ್ದಂಗೆ ಸೂತಕ ಎಲ್ಲಿಂದ ಬತ್ತದೆ?"

"ನಾಕು ಜನ ಏನಂದಾರು?"

"ಆ ನಾಕು ಜನ ಒಂದಿನವಾದ್ರೂ ನಂಗೆ ಹಾಲು ಕೊಟ್ಟವ್ರಾ?"

ನೀಲಾಂಬಿಕೆ ತಮ್ಮನ ಮುಖವನ್ನೇ ನೋಡಿದಳು. ಆಮೇಲೆ ಅವನ ಹಣೆಗೆ ವಿಭೂತಿ ಎಳೆದಳು.

ಹುಣಸೂರಿನ ಅಖಾಡದಲ್ಲಿ ಬಿಸಿಲು ಇಳಿಯುವ ತನಕ ಇಬ್ಬರೂ ಸೆಣಸಿದರು. ನಿಂಗರಾಜು ಎಷ್ಟು ಎಳೆದರೂ ನಂಜಣ್ಣನ ಎಡಗಾಲು ಈ ಸಲ ಕದಲಲಿಲ್ಲ. ಜನ ಎದ್ದು ನಿಂತು ಶಿಳ್ಳೆ ಹೊಡೆದರು. ಕೊನೆಗೆ ನಿಂಗರಾಜು ಸೊಂಟಕ್ಕೆ ಕೈ ಹಾಕಿ ಎತ್ತಿ ಕೆಡವಿದ. ನಂಜಣ್ಣ ಮತ್ತೆ ಸೋತ.

"ನಾ ಏಳ್ಲಿಲ್ವಾ! ಆ ಮುಂಡೆ ಮೊಕ ನೋಡಿ ಬಂದ!" ದೊಡ್ಡಪ್ಪ ಜನರ ಮುಂದೆಯೇ ಅರಚಿದ.

ನಂಜಣ್ಣ ಮಣ್ಣು ಮೆತ್ತಿದ ಬೆನ್ನನ್ನು ಜನರಿಗೆ ತೋರಿಸಿ ನಿಂತ.

"ಈ ಮಣ್ಣು ಅಂಟಿಸಿದ್ದು ನಿಂಗರಾಜಣ್ಣ. ಅವನ ಕೈಗೆ ಕಸುವಿತ್ತು, ಗೆದ್ದ. ಓದ್ ವರ್ಸಾನೂ ಅವನೇ ಗೆದ್ದ. ಅವನ ಗೆಲುವ ಕಿತ್ತು ನಮ್ಮಕ್ಕನ ತಲೆಗೆ ಕಟ್ಟಿದ್ರೆ ಅವನಿಗೂ ಮೋಸ, ಅವಳಿಗೂ ಮೋಸ. ಸೋತೋನು ನಾನು, ನಾನೊಬ್ನೇ!"

ನಿಂಗರಾಜು ಬಂದು ಸೋತವನ ಕೈಯನ್ನು ಮೇಲೆತ್ತಿ ಹಿಡಿದ. ದೊಡ್ಡಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ.

ರಾತ್ರಿ ಗಾಡಿ ಮನೆಗೆ ಬಂದಾಗ ತಮ್ಮನ ಬೆನ್ನಿನ ಮಣ್ಣು ಕಂಡದ್ದೇ ನೀಲಾಂಬಿಕೆ ಕೊಟ್ಟಿಗೆಯತ್ತ ತಿರುಗಿದಳು. ಅಭ್ಯಾಸ! ನಂಜಣ್ಣ ಅವಳಿಗಿಂತ ಮುಂಚೆ ಹೋಗಿ, ಬಾಗಿಲ ಪಕ್ಕ ಒರಗಿಸಿದ್ದ ಅಗುಳಿಯನ್ನು ಮೊಣಕಾಲಿಗೆ ಕೊಟ್ಟು ಮುರಿದು ಬಚ್ಚಲ ಒಲೆಗೆ ತುರುಕಿದ. ದೊಡ್ಡಪ್ಪ ಜಗುಲಿಯಿಂದ ನೋಡುತ್ತಿದ್ದ. ಸರಗೂರಿನ ಮಾತೆತ್ತದೆ ಎದ್ದು ಒಳಗೆ ಹೋದ.

"ನೀರು ಕಾಯ್ಲಿ ಅಕ್ಕಾ, ಬೆನ್ನು ಉಜ್ಜೀವಂತೆ" ಎಂದ ನಂಜಣ್ಣ. "ಮುಂದಿನ ಕುಸ್ತಿಗೆ ಗಾಡೀಲಿ ನನ್ನ ಪಕ್ಕ ನೀನೇ ಕೂರ್ಬೇಕು."