ಅಮ್ಮ ಕೂತ ಕುರ್ಚಿ

ನನ್ನ ಗಂಡ ಲುಟಾಯನಿಗೆ ಸಿನಿಮಾ ಹುಚ್ಚು ಇರಲಿ ಬಿಡಿ, ಅದಕ್ಕೆ ನನ್ನ ತಕರಾರಿಲ್ಲ. ಆ ಹುಚ್ಚು ನಮ್ಮ ಹಿಂದಿನ ಕೋಣೆಯನ್ನು ನುಂಗಿತಲ್ಲ, ನನ್ನ ಸಿಟ್ಟು ಅದಕ್ಕೆ. ಕಿರೇಕಾದ ನಮ್ಮ ಮನೆಯಲ್ಲಿ ಆ ಕೋಣೆಯೊಂದಕ್ಕೆ ಮಾತ್ರ ಬೇರೆ ಬಾಗಿಲು. ತವರೂರು ಮಿತ್ಯಾನಾದಿಂದ ಅಮ್ಮ ಬಂದರೆ ಆ ಬಾಗಿಲಿಂದಲೇ ಒಳಗೆ ಬಂದು, ಅಲ್ಲೇ ಉಂಡು, ನನ್ನ ತಲೆ ಸವರಿ, ಅಳಿಯನ ಕಣ್ಣಿಗೆ ಬೀಳದೆ ಹೊರಟುಬಿಡುತ್ತಿದ್ದಳು. ನಮ್ಮಲ್ಲಿ ಅತ್ತೆ ಅಳಿಯ ಒಂದೇ ಕೋಣೆಯಲ್ಲಿ ಇರುವಂತಿಲ್ಲ, ಮುಟ್ಟುವಂತಿಲ್ಲ. ತಪ್ಪಿದರೆ ‘ಒಬುಕೊ’ ಎಂಬ ನಡುಕದ ಕಾಯಿಲೆ ಬಡಿಯುತ್ತದೆ. ಒಮ್ಮೆ ಕೈಕಾಲು ಗಡಗಡ ನಡುಗಲು ಶುರುವಾದರೆ ಆಯಿತು, ಬೇಗ ಬಿಡುವ ಪೈಕಿ ಅಲ್ಲ.

ಅಂಥ ಕೋಣೆಗೆ ಈ ಮನುಷ್ಯ ಗೋಡೆಯಗಲದ ಪರದೆ ತಂದು ಹಾಕಿದ. ನಾಲ್ಕು ಮೂಲೆಗೂ ಸ್ಪೀಕರು, ಸೂರಿಗೂ ಸ್ಪೀಕರು, ಕಿಟಕಿಗೆ ಕಪ್ಪು ಬಟ್ಟೆ. ಅದಕ್ಕಾಗಿ ಕಾರು ಮಾರಿದ. ಈಗ ಕೆಲಸಕ್ಕೆ ಬಾಡಿಗೆ ಬೈಕಿನ ಹಿಂದೆ ಕೂತು ಧೂಳು ತಿನ್ನುತ್ತಾ ಹೋಗುತ್ತಾನೆ. ಸಂಜೆ ಬಂದು, ಕಾರುಗಳು ಆಕಾಶದಲ್ಲಿ ಹಾರುವ ಸಿನಿಮಾ ನೋಡುತ್ತಾನೆ.

“ಇಂಥ ದೊಡ್ಡ ಸಿನಿಮಾನ ಸಣ್ಣ ಟೀವೀಲಿ ನೋಡೋದು ಅಂದ್ರೆ, ಆನೇನ ಬೀಗದ ತೂತಲ್ಲಿ ನೋಡ್ದಂಗೆ ಕಣೇ ನಬ್ಬೋಸಾ.”

“ನೀವು ಆನೆ ನೋಡ್ಕೊಂಡು ಕೂತ್ಕೊಳಿ. ನಮ್ಮಮ್ಮ ಎಲ್ಲಿ ಕೂರ್ಬೇಕು?”

ಅಮ್ಮ ಬರುವುದು ನಿಂತೇ ಹೋಯಿತು. “ನಿನ್ ಮನೇಲಿ ನಂಗೆ ಜಾಗ ಎಲ್ಲಿದೆ ಮಗಳೇ?” ಎಂದಳು ಫೋನಿನಲ್ಲಿ. ಅವತ್ತು ನಾನು ಮಟೋಕೆ ಅಡುಗೆಗೆ ಬಾಳೆಕಾಯಿ ಹೆರೆಯುತ್ತಾ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಲುಟಾಯ ಮೆತ್ತಗಾದ.

“ಅವ್ರು ಬಂದು ಒಂದ್ಸಲ ಸಿನಿಮಾ ನೋಡ್ಲಿ, ನಾನು ಹೊರಗಿರ್ತೀನಿ. ಹಿಡಿಸ್ಲಿಲ್ಲ ಅಂದ್ರೆ ಎಲ್ಲಾ ಕಿತ್ತು ಮಾರ್ತೀನಿ, ಆಣೆ. ಹಿಡಿಸ್ತು ಅಂದ್ರೆ ನೀನು ಬಾಯಿ ಮುಚ್ಕೊಂಡಿರ್ಬೇಕು.”

ಶನಿವಾರ ಅಮ್ಮ ಬಂದಳು, ಜೊತೆಗೆ ನನ್ನ ಸೆಂಗಾ, ಅಂದರೆ ಸೋದರತ್ತೆ. ನಮ್ಮ ಕುಟುಂಬದಲ್ಲಿ ಸೆಂಗಾ ಹೇಳಿದ್ದೇ ತೀರ್ಪು. ಲುಟಾಯ ಅಂಗಳದಲ್ಲಿ ಕಿಟಕಿಯಾಚೆ ನಿಂತ. ನಾನು ಅಮ್ಮನನ್ನು ದಪ್ಪ ಮೆತ್ತೆಯ ಕುರ್ಚಿಯಲ್ಲಿ ಕೂರಿಸಿ ಗುಂಡಿ ಒತ್ತಿದೆ. ಪರದೆಯ ಮೇಲೆ ಒಬ್ಬ ರಾಕ್ಷಸ ಸಮುದ್ರದಿಂದೆದ್ದು ಪಟ್ಟಣದೊಳಗೆ ಮೊದಲ ಹೆಜ್ಜೆ ಇಟ್ಟ.

ಕುರ್ಚಿ ನಡುಗಿತು. ಅದರೊಳಗೊಂದು ಮೋಟಾರು ಇದೆಯೆಂದು ಆ ಪುಣ್ಯಾತ್ಮ ನನಗೂ ಹೇಳಿರಲಿಲ್ಲ.

“ಒಬುಕೊ!” ಅಮ್ಮ ಚೀರಿದಳು. “ಇದು ಅಳಿಯಂದ್ರು ಕೂರೋ ಕುರ್ಚಿ ಕಣ್ರೇ! ಅಯ್ಯೋ, ನನ್ ಕೈ ನೋಡ್ರೇ!” ಅವಳ ಕೆನ್ನೆ, ಬಳೆ, ಮಡಿಲಲ್ಲಿದ್ದ ಕೈಚೀಲ ಎಲ್ಲವೂ ಕುಣಿಯುತ್ತಿದ್ದವು.

“ಅಮ್ಮಾ, ಅದು ಮೋಟಾರು!” ಲುಟಾಯ ಹೊರಗಿಂದ ಕೂಗಿದ. “ಸಿನಿಮಾದಲ್ಲಿ ಏನು ಬಿದ್ರೂ ಕುರ್ಚಿ ಅಲ್ಲಾಡತ್ತೆ!”

“ಅದೆಲ್ಲ ಆಮೇಲೆ,” ಎಂದಳು ಸೆಂಗಾ. “ನೀನು ದಿನಾ ಇದ್ರಲ್ಲೇ ಕೂರ್ತೀಯೋ ಇಲ್ವೋ?”

“ಕೂರ್ತೀನಿ.”

“ಮತ್ತೆ? ಪಾಪ, ಮೋಟಾರಿನ ಮೇಲೆ ಯಾಕೆ ತಪ್ಪು ಹಾಕ್ತೀಯ?”

ಅಮ್ಮನನ್ನು ಎಬ್ಬಿಸಿದೆವು. ಅವಳ ಕೈ ನೆಟ್ಟಗಾಯಿತು. ಸೆಂಗಾ ತಾನೇ ಕೂತು ನೋಡಿದಳು, ಹಲ್ಲು ಕಟಕಟ ಎಂದಿತು. ಗಂಭೀರವಾಗಿ ಎದ್ದಳು.

“ನಂಗೂ ಅವ್ನಿಗೂ ಯಾವ ಕಟ್ಟುಪಾಡೂ ಇಲ್ಲ, ಆದ್ರೂ ನಡುಗಿದೆ. ಅಂದ್ರೆ ಒಬುಕೊ ಹತ್ತಿರೋದು ಕುರ್ಚಿಗೆ. ಇದನ್ನ ಹೊರಗೆ ಹಾಕಿ. ಇವಳು ಒಂದ್ಸಲ ಕೂತಾಯ್ತು, ಇನ್ಮೇಲೆ ಈ ಕೋಣೆ ಅತ್ತೇದು. ಅಳಿಯ ಹೊಸ್ತಿಲು ತುಳಿಯೋ ಹಾಗಿಲ್ಲ.”

“ಸೆಂಗಾ, ಇದಕ್ಕೋಸ್ಕರ ಕಾರು ಮಾರಿದ್ದೀನಿ!”

“ಕಾರಿಲ್ಲ ತಾನೇ? ಅದಕ್ಕೇ ಹೇಳಿದ್ದು, ಹೊರಗೇ ನಡಕೊಂಡಿರು.”

ನನಗೆ ಕುಣಿಯುವಷ್ಟು ಖುಷಿ. “ಹಾಗಾದ್ರೆ ಎಲ್ಲಾ ಕಿತ್ತು ಮಾರೋಣ,” ಎಂದೆ.

“ಮುಟ್ಟಿದ್ರೆ ನೋಡು!” ಅಮ್ಮ ಗದರಿದಳು. ಅವಳ ಕಣ್ಣು ಪರದೆ ಬಿಟ್ಟು ಕದಲಿರಲಿಲ್ಲ. “ಆ ದರಿದ್ರದವನು ಊರನ್ನ ಏನ್ ಮಾಡ್ತಾನೋ ನಾನು ನೋಡ್ಬೇಕು.”

ಹೀಗೆ ನನ್ನ ಗಂಡ ಪಂದ್ಯ ಗೆದ್ದ, ಕೋಣೆ ಕಳೆದುಕೊಂಡ.

ಈಗ ಪ್ರತಿ ಶನಿವಾರ ಅಮ್ಮ ಬರುತ್ತಾಳೆ. ಚಾಪೆಯ ಮೇಲೆ ಕಾಲು ಚಾಚಿ ಕೂತು, ತಲೆನೋವೆಂದು ಮೊದಲು ಸ್ಪೀಕರುಗಳ ಬಾಯಿ ಮುಚ್ಚಿಸುತ್ತಾಳೆ. ಕಪ್ಪು ಬಟ್ಟೆಯ ಆಚೆ, ಅಂಗಳದಲ್ಲಿ, ಕರೆಂಟಿಲ್ಲದ ಆ ಕುರ್ಚಿಯಲ್ಲಿ ಲುಟಾಯ. ಮದುವೆಯಾದಾಗಿನಿಂದ ದೂರದಿಂದಲೇ ಕ್ಷೇಮ ಕೇಳಿ ಮುಗಿಸುತ್ತಿದ್ದ ಇಬ್ಬರು ಇವರೇನಾ ಎಂದು ನಾನು ಅಡುಗೆ ಬಿಟ್ಟು ಕೇಳುತ್ತಾ ನಿಲ್ಲುತ್ತೇನೆ.

“ಅಳಿಯಂದ್ರೇ, ಸೇತುವೆ ಹೋಯ್ತು!”

“ಮೇಲೆ ಯಾರಾದ್ರೂ ಇದ್ರಾ ಅಮ್ಮಾ?”

“ಒಂದು ಬಸ್ ತುಂಬಾ! ಬಿತ್ತು, ಬಿತ್ತು, ಬಿತ್ತು!”

ಲುಟಾಯ ಎರಡೂ ಕೈಯಲ್ಲಿ ಕುರ್ಚಿಯ ತೋಳು ಹಿಡಿದು ತಾನೇ ಗಡಗಡ ಅಲ್ಲಾಡಿಸಿಕೊಂಡ. ಆಮೇಲೆ ಕಿಟಕಿಗೆ ಕಿವಿಯೊಡ್ಡಿ ಹೇಳಿದ:

“ಇನ್ನೂ ಸ್ವಲ್ಪ ಜೋರಾಗಿ ಹೇಳಿ ಅಮ್ಮಾ.”