ತುಂಬಿದ ತಂಬಿಗೆ

ಹವಾಮಾನ ಬದಲಾವಣೆಯ ಅಧ್ಯಯನಕ್ಕೆಂದು ಹೊರದೇಶದಿಂದ ಬಂದಿದ್ದ ಮೇಡಂಗೆ ದುಭಾಷಿಯಾಗಿ ಕಲಬುರಗಿಯ ಗಾಜಿಪುರ ಬಡಾವಣೆಯ ಫರ್ಹೀನ್ ಕಮಲಾಪುರಕ್ಕೆ ಹೋಗಿದ್ದಳು. ನೆತ್ತಿ ಸುಡುವ ಬಿಸಿಲು. ಶೇವಂತಾಬಾಯಿಯ ಹಿತ್ತಲಿನ ಕೆಂಬಾಳೆ ಗಿಡಗಳು ನಿಂತಲ್ಲೇ ಒಣಗಿದ್ದವು. ಆದರೂ ಆಕೆ ಜಮಖಾನ ಹಾಸಿ, ಫಳಫಳ ಬೆಳಗಿದ ತಂಬಿಗೆಯ ತುಂಬ ನೀರು ತಂದಿಟ್ಟಳು.

ಇಲ್ಲಿ ನೀರಿನ ಕೊರತೆ ಇದೆಯೇ ಎಂದು ಮೇಡಂ ಕೇಳಿದ್ದನ್ನು ಫರ್ಹೀನ್ ಕನ್ನಡದಲ್ಲಿ ಹೇಳಿದಳು.

"ತ್ರಾಸ ಏನೂ ಇಲ್ರಿ," ಎಂದು ಶೇವಂತಾಬಾಯಿ ನಕ್ಕಳು. ಮೇಡಂಗೆ ಕನ್ನಡ ಬಾರದಲ್ಲ, ನಗುತ್ತಲೇ ಫರ್ಹೀನಳಿಗೆ ಹೇಳಿದಳು: "ಮನ್ಯಾಗ ಇದೊಂದ ತಂಬಗಿ ನೀರ ಉಳದದ ತಂಗಿ. ಆಕಿಗಿ ಹೇಳಬ್ಯಾಡ. ಮನೀಗಿ ಬಂದಾಕಿ ನೀರ ಕುಡೀಲಾರದ ಹೋದ್ರ ನಾ ಮಾರಿ ಎಲ್ಲಿಡ್ಲಿ?"

ಫರ್ಹೀನಳ ಅಮ್ಮಿಯೂ ಹೀಗೆಯೇ, ಮನೆಗೆ ಬಂದ ಮೆಹಮಾನರ ಮುಂದೆ ಖಾಲಿ ಡಬ್ಬಿ ಸದ್ದು ಮಾಡಲು ಬಿಟ್ಟವಳಲ್ಲ. ಮೊದಲ ಮಾತನ್ನಷ್ಟೇ ಫರ್ಹೀನ್ ಇಂಗ್ಲಿಷಿಗೆ ತಂದಳು. ಮೇಡಂ ಗಟಗಟನೆ ಕುಡಿದು, ಮಿಕ್ಕ ನೀರಿನಲ್ಲಿ ಕೈ ತೊಳೆದುಕೊಂಡಳು. ಮಣ್ಣು ಅದನ್ನು ಹೀರುವುದನ್ನೇ ಶೇವಂತಾಬಾಯಿ ನೋಡುತ್ತ ನಿಂತಳು.

ಮರುವರ್ಷ ಆ ಅಧ್ಯಯನದ ವರದಿ ನೋಡಿ ಮೇಡಂ ಕಡೆಯವರು ಕಟ್ಟಿಸಿದ ನೀರಿನ ಟಾಕಿ ಬೇರೆ ಊರಿಗೆ ಹೋಯಿತು. ಕಮಲಾಪುರದವರೇ ತ್ರಾಸಿಲ್ಲ ಅಂದರಲ್ಲ ಎಂದು ಕಲಬುರಗಿಯ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತವರು ಹೇಳಿದರು. ಅಂದ ಬಾಯಿ ಫರ್ಹೀನಳದೇ.

ತಪ್ಪಾಯಿತೆನ್ನಲು ಅವಳು ಕಮಲಾಪುರದ ಬಸ್ಸು ಹತ್ತಿದಳು. ಅವಳನ್ನು ಕಂಡದ್ದೇ ಶೇವಂತಾಬಾಯಿ ಖಾಲಿ ಕೊಡಗಳನ್ನು ಬಾಗಿಲ ಹಿಂದೆ ಸರಿಸಿ, ಜಮಖಾನ ಕೊಡವಿ ಹಾಸಿದಳು.

"ಬಿಸಲಾಗ ಬಂದೀದಿ ತಂಗಿ, ಮೊದಲ ನೀರ ಕುಡಿ."

ತುಂಬಿದ ತಂಬಿಗೆ ಎದುರಿಗಿತ್ತು. ಮೂರು ಭಾಷೆ ಬಲ್ಲ ಫರ್ಹೀನಳಿಗೆ ಬೇಡವೆನ್ನಲು ಒಂದರಲ್ಲೂ ಬಾಯಿ ಬರಲಿಲ್ಲ. ಕುಡಿದಳು.